ಲೆಕ್ಕ ಇಟ್ಟೋರ ಕೆರೆ

2024ರ ಜನವರಿ 31ಕ್ಕೆ ದಿಲ್ಲಿಯಿಂದ ಒಂದು ಸುದ್ದಿ ಬಂತು. ಭಾರತದ ಇನ್ನೂ ಐದು ಜೌಗು ಪ್ರದೇಶಗಳು ರಾಮ್ಸಾರ್ ಪಟ್ಟಿಗೆ ಸೇರಿದವು, ಒಟ್ಟು ಸಂಖ್ಯೆ 80 ಆಯ್ತು ಅಂತ. ಆ ಐದರಲ್ಲಿ ಮೂರು ನಮ್ಮ ರಾಜ್ಯದವು. ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ಇನ್ನೊಂದು ನಮ್ಮ ಅಂಕಸಮುದ್ರ.

'ನಮ್ಮ' ಅಂತ ಸ್ವಲ್ಪ ಧೈರ್ಯ ಮಾಡಿಯೇ ಬರೀತಿದ್ದೀನಿ. ನನ್ನೂರು ಬಂಡ್ರಿ ಇರೋದು ಸಂಡೂರು ತಾಲೂಕಿನಲ್ಲಿ. ಅಂಕಸಮುದ್ರ ಹಗರಿಬೊಮ್ಮನಹಳ್ಳಿ ತಾಲೂಕಿನಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ನಾವು ಬಳ್ಳಾರಿಯಲ್ಲೇ ಉಳಿದ್ವಿ, ಅವರು ಆ ಕಡೆ ಹೋದರು. ಆದ್ರೆ ಹಕ್ಕಿಗಳಿಗೆ ಜಿಲ್ಲೆ ಪುನರ್ವಿಂಗಡಣೆ ಗೊತ್ತಿಲ್ಲವಲ್ಲ, ಹಂಗಾಗಿ ನಮ್ಮದೇ.

ರಾಮ್ಸಾರ್ ಅನ್ನೋದು ಇರಾನಿನ ಒಂದು ಊರು, ಕ್ಯಾಸ್ಪಿಯನ್ ಸಮುದ್ರದ ದಂಡೆಯಲ್ಲಿದೆ. 1971ರ ಫೆಬ್ರವರಿ 2ರಂದು ಅಲ್ಲಿ ಕೆಲವು ದೇಶದವರು ಸೇರಿ, ಕೆರೆ, ಜೌಗು, ಅಳಿವೆಗಳನ್ನು ಕಾಪಾಡೋದಕ್ಕೆ ಒಂದು ಒಪ್ಪಂದ ಮಾಡಿಕೊಂಡರು. ಭಾರತ ಸೇರಿದ್ದು 1982ರಲ್ಲಿ. ಕರ್ನಾಟಕದಿಂದ ಮೊದಲು ಆ ಪಟ್ಟಿಗೆ ಹೋಗಿದ್ದು ರಂಗನತಿಟ್ಟು, ಅದೂ 2022ರಲ್ಲಿ. ಎರಡೇ ವರ್ಷಕ್ಕೆ ನಮ್ಮ ಬಯಲುಸೀಮೆಯ ಒಂದು ಹಳ್ಳಿ ಕೆರೆ ಅದೇ ಪಟ್ಟಿಗೆ ಬಂತು.

ಇದು ಹೆಂಗೆ ಸಾಧ್ಯ ಆಯ್ತು ಅಂತ ನೋಡೋಕೆ ಆ ಒಪ್ಪಂದದ ನಿಯಮ ಓದಬೇಕು. ಒಂದು ಜಾಗ ಪಟ್ಟಿಗೆ ಸೇರೋಕೆ ಒಂಬತ್ತು ಮಾನದಂಡ ಇಟ್ಟಿದ್ದಾರೆ. ಅದರಲ್ಲಿ ನೀರುಹಕ್ಕಿಗಳಿಗೆ ಅಂತಲೇ ಇರೋವು ಎರಡು. ಆ ಜಾಗದಲ್ಲಿ ಪದೇ ಪದೇ 20,000ಕ್ಕಿಂತ ಹೆಚ್ಚು ನೀರುಹಕ್ಕಿ ಇರಬೇಕು ಅನ್ನೋದು ಒಂದು. ಯಾವುದಾದರೂ ಒಂದು ಜಾತಿಯ ನೀರುಹಕ್ಕಿಯ ಒಟ್ಟು ಸಂಖ್ಯೆಯಲ್ಲಿ ಶೇ. 1ರಷ್ಟಾದರೂ ಅಲ್ಲಿರಬೇಕು ಅನ್ನೋದು ಇನ್ನೊಂದು. ಅಂಕಸಮುದ್ರದ ದಾಖಲೆ ನೋಡಿದರೆ: ಸುಮಾರು 244 ಎಕರೆ ಕೆರೆ, 240 ಜಾತಿಯ ಹಕ್ಕಿ, ಗೂಡು ಕಟ್ಟೋವು ಮತ್ತು ರಾತ್ರಿ ತಂಗೋವು ಸೇರಿ 30,000ಕ್ಕೂ ಹೆಚ್ಚು ನೀರುಹಕ್ಕಿ. ಬಣ್ಣದ ಕೊಕ್ಕರೆ ಮತ್ತು ಕರಿತಲೆ ಕೆಂಬರಲು, ಈ ಎರಡೂ ಶೇ. 1ರ ಗೆರೆ ದಾಟಿವೆ.

ಈಗ ಒಂದು ಸಾದಾ ಪ್ರಶ್ನೆ. 30,000 ಅಂತ ಹೇಳಿದ್ದು ಯಾರು? 240 ಜಾತಿ ಅಂತ ಗುರುತು ಹಿಡಿದಿದ್ದು ಯಾರು? ಕೆರೆ ಎಷ್ಟೇ ಚೆಂದ ಇದ್ದರೂ, ಊರವರು ಹಕ್ಕಿಗಳನ್ನ ಎಷ್ಟೇ ಪ್ರೀತಿ ಮಾಡಿದರೂ, ಆ ಅಂಕಿ ಇಲ್ಲದಿದ್ದರೆ ಅರ್ಜಿ ಹಾಕೋಕೇ ಆಗ್ತಿರಲಿಲ್ಲ. ಯಾರೋ ಬೆಳಗಾಗೆದ್ದು, ಕೆರೆ ಏರಿ ಮೇಲೆ ನಿಂತು, ಎಣಿಸಿ, ತಾರೀಕು ಹಾಕಿ ಬರೆದಿಟ್ಟಿದ್ದಾರೆ. ಒಂದು ದಿನ ಅಲ್ಲ, ವರ್ಷಗಟ್ಟಲೆ. ಈ ಬರಹ ಆ ಲೆಕ್ಕದ ಇತಿಹಾಸ. ಅದು ನಮ್ಮ ಕಡೆಗೆ ಎಷ್ಟು ತಡವಾಗಿ ಬಂತು, ಬಂದ ಮೇಲೆ ಏನೇನು ಮಾಡ್ತು ಅನ್ನೋದರ ಬಗ್ಗೆ.

ಮೊದಲು ಬಂದಿದ್ದು ಬಂದೂಕು. ಬ್ರಿಟಿಷರ ಕಾಲದಲ್ಲಿ ಹಕ್ಕಿ ಅಧ್ಯಯನ ಅಂದ್ರೆ ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿ ಇಡೋದು. ಅವರನ್ನ ಬರೀ ಬೈದು ಕೂರೋಕಾಗಲ್ಲ, ದುರ್ಬೀನು ಅಷ್ಟು ಚೆನ್ನಾಗಿರಲಿಲ್ಲ, ಕ್ಯಾಮೆರಾ ಇರಲಿಲ್ಲ. ಮದ್ರಾಸ್ ಸೈನ್ಯದಲ್ಲಿ ಡಾಕ್ಟರ್ ಆಗಿದ್ದ ಥಾಮಸ್ ಜೆರ್ಡನ್ ದಕ್ಷಿಣ ಭಾರತದ ಹಕ್ಕಿಗಳನ್ನ ಹಿಂಗೇ ದಾಖಲಿಸಿದ. ಹಂಪಿಯ ಬಂಡೆಗಳ ನಡುವೆ ಇವತ್ತು ಕ್ಯಾಮೆರಾ ಹಿಡಿದು ಜನ ಹುಡುಕೋ ಹಳದಿ ಕತ್ತಿನ ಪಿಕಳಾರಕ್ಕೆ 1845ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವನೂ ಅವನೇ. ಆ ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಜೆರ್ಡನ್ ನಂತರದ ದೊಡ್ಡ ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್. ಕಾಂಗ್ರೆಸ್ ಸ್ಥಾಪಕರಲ್ಲಿ ಒಬ್ಬ ಅಂತ ಹೈಸ್ಕೂಲಲ್ಲಿ ಓದಿರ್ತೀವಿ. ಅದೇ ಮನುಷ್ಯ ಹಕ್ಕಿ ಚರ್ಮ, ಗೂಡು, ಮೊಟ್ಟೆ ಎಲ್ಲಾ ಸೇರಿ 80 ಸಾವಿರಕ್ಕೂ ಹೆಚ್ಚು ಮಾದರಿಗಳನ್ನ ಕೂಡಿಟ್ಟಿದ್ದ, ಅವನ್ನ 1885ರಲ್ಲಿ ಲಂಡನ್ನಿನ ಮ್ಯೂಸಿಯಮ್ಮಿಗೆ ಕೊಟ್ಟ. ಆದ್ರೆ ಅವನು ಬರೆಯಬೇಕಿದ್ದ ದೊಡ್ಡ ಪುಸ್ತಕ ಬರಲೇ ಇಲ್ಲ. ವರ್ಷಾನುಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳನ್ನ, ಅವನು ಸಿಮ್ಲಾದ ಮನೆಯಲ್ಲಿ ಇಲ್ಲದಾಗ ಆಳೊಬ್ಬ ರದ್ದಿಗೆ ಮಾರಿಬಿಟ್ಟ. ಹ್ಯೂಮ್ ಅದಾದ ಮೇಲೆ ಹಕ್ಕಿ ಕೆಲಸವನ್ನೇ ಬಿಟ್ಟ. ನಾವು ಸಾಫ್ಟ್‌ವೇರ್‌ನವರು ಈ ಕಥೆ ಕೇಳಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ಬ್ಯಾಕಪ್ ಇಲ್ಲದ ಡೇಟಾ ಕಳೆದುಕೊಂಡ ಸಂಕಟ ನಮಗೆ ಗೊತ್ತು.

ಆಮೇಲೆ ಸಲೀಂ ಅಲಿ. 1939–40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದರು. ಕಾವೇರಿ ನಡುಗಡ್ಡೆಗಳ ಮೇಲೆ ಗೂಡು ಕಟ್ಟಿದ ಹಕ್ಕಿಗಳನ್ನ ನೋಡಿ, ಮಹಾರಾಜರಿಗೆ ಹೇಳಿ, 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಗೋ ಹಂಗೆ ಮಾಡಿದ್ದು ಆಗಲೇ. ಒಬ್ಬ ಮನುಷ್ಯನ ಸರ್ವೆ ಒಂದು ಜಾಗವನ್ನ ಉಳಿಸಬಲ್ಲದು ಅನ್ನೋಕೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಿಲ್ಲ.

ಆದ್ರೆ ಆ ಸರ್ವೆಯಲ್ಲಿ ನಾವಿಲ್ಲ. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದ ಒಂದು ಮೂಲೆ. ಸಂಡೂರು ಘೋರ್ಪಡೆಯವರ ಪುಟ್ಟ ಸಂಸ್ಥಾನ. ಸಂಡೂರು ಭಾರತದೊಳಗೆ ವಿಲೀನವಾಗಿ ಬಳ್ಳಾರಿ ಜಿಲ್ಲೆಗೆ ಸೇರಿದ್ದು 1949ರಲ್ಲಿ, ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದಿದ್ದು 1953ರಲ್ಲಿ. ಮೈಸೂರಿನ ಹಕ್ಕಿಗಳ ಲೆಕ್ಕ ಬರೆಯುವಾಗ ನಾವು ಮೈಸೂರಿನವರಾಗಿರಲಿಲ್ಲ. ನಮ್ಮಜ್ಜನ ಕಾಲದಲ್ಲಿ ಹೊಲದಲ್ಲಿ ಗೌಜುಗ ಎಷ್ಟಿದ್ದವು, ಬೆಳವ ಎಷ್ಟಿದ್ದವು ಅಂತ ಕೇಳಿದ್ರೆ ಸಿಗೋ ಉತ್ತರ 'ಭಾಳ ಇದ್ವಪ್ಪ' ಅಷ್ಟೇ. ಆ 'ಭಾಳ' ಅನ್ನೋದನ್ನ ಯಾವ ಕೋರ್ಟಿಗೂ ಯಾವ ಇಲಾಖೆಗೂ ಒಯ್ಯೋಕೆ ಬರಲ್ಲ.

ಬಂದೂಕಿನ ನಂತರ ನಮ್ಮ ಕಡೆ ಬಂದಿದ್ದು ಕ್ಯಾಮೆರಾ. ಸಂಡೂರಿನ ಎಂ.ವೈ. ಘೋರ್ಪಡೆ ಅಂದ್ರೆ ನಮ್ಮವರಿಗೆ ರಾಜಮನೆತನದವರು, ದೇವರಾಜ ಅರಸರ ಕಾಲದ ಹಣಕಾಸು ಮಂತ್ರಿ, ಆಮೇಲೆ ಪಂಚಾಯತ್‌ರಾಜ್ ಮಂತ್ರಿ. ಹೊರಗಿನ ಎಷ್ಟೋ ಜನಕ್ಕೆ ಅವರು ವನ್ಯಜೀವಿ ಛಾಯಾಗ್ರಾಹಕರಾಗಿ ಗೊತ್ತು. 1983ರಲ್ಲಿ ಬಂದ 'ಸನ್‌ಲೈಟ್ ಅಂಡ್ ಶ್ಯಾಡೋಸ್' ಅವರದೇ ಪುಸ್ತಕ. ರಾಜಮನೆತನದ ಒಬ್ಬರು ಕಾಡಿಗೆ ಕ್ಯಾಮೆರಾ ಹಿಡಿದು ಹೋಗಿ, ಪ್ರಾಣಿ ಬರೋವರೆಗೂ ಕಾದು ಕೂರೋದು ಒಂದು ದೊಡ್ಡ ಬದಲಾವಣೆಯೇ. ಆದ್ರೂ ಕ್ಯಾಮೆರಾ ಒಬ್ಬರ ಕಣ್ಣು. ಒಂದು ಹಕ್ಕಿ ಅಲ್ಲಿತ್ತು ಅಂತ ಅದು ಸಾಕ್ಷಿ ಹೇಳುತ್ತೆ. ಎಷ್ಟಿದ್ದವು, ಮುಂದಿನ ವರ್ಷ ಎಷ್ಟಾದವು ಅನ್ನೋದಕ್ಕೆ ಬಹಳ ಜನ ಬೇಕು.

ಆ 'ಬಹಳ ಜನ' ಹುಟ್ಟಿಕೊಂಡಿದ್ದು ಭಾನುವಾರದ ನಡಿಗೆಗಳಿಂದ. 1960ರ ಹೊತ್ತಿಗೆ ಜಾಫರ್ ಫತೇಹಲ್ಲಿಯವರು ಹಕ್ಕಿ ನೋಡೋರಿಗೆ ಅಂತಲೇ ಒಂದು ಇಂಗ್ಲಿಷ್ ಪತ್ರಿಕೆ ಶುರು ಮಾಡಿದರು. ವಿಜ್ಞಾನಿ ಆಗದೋರೂ ತಾವು ಕಂಡಿದ್ದನ್ನ ಅದಕ್ಕೆ ಬರೆದು ಕಳಿಸಬಹುದಿತ್ತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಜೋಸೆಫ್ ಜಾರ್ಜ್ ಅವರು ಹಕ್ಕಿ ನೋಡೋರ ಒಂದು ಕ್ಲಬ್ ಕಟ್ಟಿದರು. ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರೋ ಪದ್ಧತಿ ಆ ಕ್ಲಬ್ಬಿನದೇ. ಬ್ಯಾಂಕಿನವರು, ಮೇಷ್ಟ್ರು, ಕಾಲೇಜು ಹುಡುಗರು ಎಲ್ಲಾ ಒಟ್ಟಿಗೆ ನಡೆದು, ಕಂಡಿದ್ದನ್ನ ಪಟ್ಟಿ ಮಾಡೋದು. 1987ರಿಂದ ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ಶುರುವಾಯ್ತು. ಕೆರೆ ಇರೋ ಯಾವ ಊರಿನವರಾದರೂ ಸೇರಬಹುದಾದ ಲೆಕ್ಕ ಅದು.

ಹಳ್ಳಿ ಮಟ್ಟದಲ್ಲಿ ಇದು ಏನು ಮಾಡಬಲ್ಲದು ಅಂತ ತೋರಿಸಿದ್ದು ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರದ ಮೇಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಆ ಊರನ್ನ ಹೊರಗಿನ ಪ್ರಪಂಚಕ್ಕೆ ತಿಳಿಸಿದರು. ಹಕ್ಕಿ ಕೂತ ಮರದ ಹುಣಸೆ ಕೀಳೋಕಾಗಲ್ಲ, ಅದು ರೈತನ ನಷ್ಟ. ಅದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಒಂದಿಷ್ಟು ಪರಿಹಾರ ಕೊಡೋಕೆ ಶುರು ಮಾಡ್ತು. 1994ರಲ್ಲಿ ಮೈಸೂರಿನ ಹವ್ಯಾಸಿ ಪ್ರಕೃತಿಪ್ರಿಯರು ಊರಿನ ಹುಡುಗರ ಜೊತೆ ಸೇರಿ 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕಿ ಬಿಟ್ಟರು, ಗೂಡುಗಳ ಲೆಕ್ಕ ಇಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯ್ತು.

ಇಲ್ಲಿ ಕಾನೂನಿನ ಒಂದು ತಿರುವು ಹೇಳಬೇಕು. 1972ರ ವನ್ಯಜೀವಿ ಕಾಯ್ದೆಯಲ್ಲಿ ಮೊದಲಿದ್ದಿದ್ದು ಮುಖ್ಯವಾಗಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯ. ಎರಡರಲ್ಲೂ ಊರವರು ಸ್ವಲ್ಪ ಹೊರಗಿನವರೇ. 2002ರ ತಿದ್ದುಪಡಿ ಎರಡು ಹೊಸ ಬಾಗಿಲು ತೆರೀತು. ಖಾಸಗಿ ಅಥವಾ ಸಮುದಾಯದ ಜಾಗದಲ್ಲಿ ಜನರೇ ಮುಂದೆ ಬಂದರೆ ಸಮುದಾಯ ಮೀಸಲು, ಸರ್ಕಾರದ ಜಾಗ ಆದರೆ ಸಂರಕ್ಷಣಾ ಮೀಸಲು. ಸಂರಕ್ಷಣಾ ಮೀಸಲು ಮಾಡಬೇಕಾದರೆ ಸ್ಥಳೀಯರ ಜೊತೆ ಮಾತಾಡಲೇಬೇಕು, ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯ್ತಿಯವರು ಇರಲೇಬೇಕು. ನೀರಾವರಿಗೆ ಬಳಸೋ ಹಳ್ಳಿ ಕೆರೆಗೆ ಇದಕ್ಕಿಂತ ಹೊಂದೋ ಕಾನೂನು ಇಲ್ಲ.

ಈಗ ಅಂಕಸಮುದ್ರಕ್ಕೆ ಬರೋಣ. ನಮ್ಮ ಕಡೆ ಕೆರೆ ಕಟ್ಟಿದೋರಿಗೆ ದೊಡ್ಡ ಹೆಸರಿನ ಹುಚ್ಚು. ಕಡಲು ಕಾಣದ ಸೀಮೆಯಲ್ಲಿ ಕೆರೆಗೆಲ್ಲಾ ಸಮುದ್ರ, ಸಾಗರ ಅಂತ ಹೆಸರು. ಶತಮಾನಗಳ ಹಿಂದೆ ಜನ ಕಟ್ಟಿದ ಕೆರೆ ಇದು, ಕಟ್ಟಿದ್ದು ನೀರಾವರಿಗೆ, ಹಕ್ಕಿಗಲ್ಲ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆ ಕಾಲದಿಂದ ರಾಜ್ಯದ ಎಷ್ಟೋ ಕೆರೆಯಂಗಳಗಳಲ್ಲಿ ಕರಿಜಾಲಿ ಹಾಕೋದು ರೂಢಿ. ಉದ್ದೇಶ ಸೌದೆ. ಅಂಕಸಮುದ್ರದ ಕೆರೆಯೊಳಗೂ ಕರಿಜಾಲಿ ದಟ್ಟವಾಗಿ ನಿಂತಿದೆ. ನೀರು ತುಂಬಿದಾಗ ಆ ಮುಳ್ಳುಮರಗಳು ದ್ವೀಪದ ಹಂಗೆ ಆಗ್ತವೆ. ಕೆಳಗೆ ನೀರು, ನಾಯಿ ನರಿ ಹತ್ತಲ್ಲ. ಮೇಲೆ ಮುಳ್ಳು, ಮನುಷ್ಯನೂ ಹತ್ತಲ್ಲ. ಪಕ್ಕದಲ್ಲೇ ತುಂಗಭದ್ರಾ ಹಿನ್ನೀರು, ಮೀನಿಗೆ ಬರ ಇಲ್ಲ. ಬಣ್ಣದ ಕೊಕ್ಕರೆಗೆ ಇನ್ನೇನು ಬೇಕು?

ಆ ಹಿನ್ನೀರಿಗೂ ಒಂದು ಕಥೆ ಇದೆ. ತುಂಗಭದ್ರಾ ಅಣೆಕಟ್ಟೆಯ ಕೆಲಸ 1945ರಲ್ಲಿ ಶುರುವಾಗಿ 1953ರ ಹೊತ್ತಿಗೆ ನೀರು ನಿಂತಾಗ ಹತ್ತಾರು ಊರು ಮುಳುಗಿದವು, ಸಾವಿರಾರು ಕುಟುಂಬ ಎದ್ದು ಹೋದವು. ಜನ ಕಳೆದುಕೊಂಡ ನೆಲದ ಮೇಲೆ ಈಗ ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತು ಇಳೀತವೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರೋ ಹಕ್ಕಿ ಅದು. ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿದ್ದೂ ಇದೆ. ಕೊರಳಪಟ್ಟಿಯ ನಂಬರ್ ಓದಿ ಬರೆದುಕೊಂಡೋನೊಬ್ಬ ಇಲ್ಲಿ ಇದ್ದಿದ್ದರಿಂದ ಆ ಸಂಗತಿ ತಿಳೀತು.

ಈ ಭಾಗದಲ್ಲಿ ಹಿಂಗೆ ಬರೆದಿಟ್ಟೋರಲ್ಲಿ ಕೆಲವರನ್ನ ನೆನೀಲೇಬೇಕು. ಹೊಸಪೇಟೆಯ ಸಮದ್ ಕೊಟ್ಟೂರು ಹಂಪಿ, ದರೋಜಿ ಸುತ್ತಿನ ಹಕ್ಕಿ, ಪ್ರಾಣಿಗಳನ್ನ ವರ್ಷಾನುಗಟ್ಟಲೆ ದಾಖಲಿಸಿದೋರು. ಬಳ್ಳಾರಿಯ ಸಂತೋಷ್ ಮಾರ್ಟಿನ್ ಸಿರುಗುಪ್ಪದ ಎರೆಹೊಲಗಳಲ್ಲಿ ಎರ್ಲಡ್ಡು ಹಕ್ಕಿ ಇನ್ನೂ ಇದೆ ಅಂತ ಜಗತ್ತಿಗೆ ತಿಳಿಸೋದರಲ್ಲಿ ಮುಂದಿದ್ದೋರು. ಪ್ರಪಂಚದಲ್ಲೇ ಆ ಹಕ್ಕಿ ಇನ್ನೂರರ ಒಳಗೆ ಉಳಿದಿದೆ. ಅಂಕಸಮುದ್ರದ ವಿಷಯಕ್ಕೆ ಬಂದರೆ ಹಗರಿಬೊಮ್ಮನಹಳ್ಳಿಯ ವಿಜಯ್ ಇಟ್ಟಿಗಿ ಮತ್ತವರ ಗ್ರೀನ್ ಎಚ್‌ಬಿಎಚ್ ಬಳಗ. ಇಂಥೋರ ಪಟ್ಟಿಗಳು, ಅರಣ್ಯ ಇಲಾಖೆಯ ಕಡತ, ಊರವರ ಒಪ್ಪಿಗೆ ಮೂರೂ ಸೇರಿದವು. ರಾಮ್ಸಾರ್ ಸುದ್ದಿಗೆ ಏಳೆಂಟು ವರ್ಷ ಮೊದಲೇ ಕೆರೆ ಪಕ್ಷಿ ಸಂರಕ್ಷಣಾ ಮೀಸಲು ಆಗಿತ್ತು.

ಇಂಥ ಬಳಗಗಳ ನಡಿಗೆಗೆ ಹೋಗದೋರಿಗೆ ಅದು ಫೋಟೋ ಹೊಡೆಯೋ ಪಿಕ್ನಿಕ್ ಅನ್ಸಬಹುದು. ನಡೆಯೋದು ಬೇರೆ. ಸೂರ್ಯ ಹುಟ್ಟೋಕೆ ಮುಂಚೆ ಏರಿ ಮೇಲೆ ಸೇರ್ತಾರೆ. ಒಬ್ಬರು ನೋಡಿ ಹೇಳ್ತಾರೆ, ಒಬ್ಬರು ಬರೀತಾರೆ. ಗುಂಪು ದೊಡ್ಡದಿದ್ರೆ ಒಂದೊಂದೇ ಎಣಿಸೋಕಾಗಲ್ಲ. ಮೊದಲು ಹತ್ತು ಹಕ್ಕಿ ಎಷ್ಟು ಜಾಗ ಹಿಡೀತವೆ ಅಂತ ಕಣ್ಣಿಗೆ ಅಳತೆ ಮಾಡ್ಕೊಂಡು, ಅದೇ ಅಳತೆಯಲ್ಲಿ ಇಡೀ ಗುಂಪನ್ನ ಭಾಗ ಮಾಡ್ತಾರೆ. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡ್ತಾರೆ. ಗೂಡಿನ ಮರದ ಹತ್ತಿರ ಹೋಗಲ್ಲ. ದೊಡ್ಡ ಹಕ್ಕಿ ಗಾಬರಿಯಾಗಿ ಎದ್ದರೆ ಬಿಸಿಲಿಗೆ ಮರಿ ಸಾಯುತ್ತೆ, ಕಾಗೆ ಮೊಟ್ಟೆ ಒಯ್ಯುತ್ತೆ. ಶಾಲೆ ಮಕ್ಕಳು ಬಂದಿದ್ರೆ ಕನ್ನಡದ ಹೆಸರು ಅವರ ಬಾಯಿಂದಲೇ ಬರುತ್ತೆ. ಗೀಜಗ, ಗೂಗಿ, ಬೆಳ್ಳಕ್ಕಿ ಯಾರೂ ಹೇಳಿಕೊಡಬೇಕಿಲ್ಲ. ಸಂಜೆ ಹೊತ್ತಿಗೆ ಪಟ್ಟಿ ಮೊಬೈಲಿನಿಂದ ಇ-ಬರ್ಡ್‌ಗೆ ಹೋಗಿರುತ್ತೆ. ಹ್ಯೂಮ್‌ನ ಕಾಗದದ ಹಂಗೆ ರದ್ದಿಗೆ ಹೋಗೋ ಭಯ ಕಮ್ಮಿ.

ಅಂಥ ಒಂದು ಬೆಳಗ್ಗೆ, ಕೆರೆ ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನ ನೋಡಿ ನಿಂತರು.

"ಏನ್ ಎಣಿಸಾಕ ಹತ್ತೀರಪ್ಪ?"

"ಹಕ್ಕಿ, ಯಜ್ಜ."

"ಎಣಿಸಿದ್ರ ಏನ್ ಬರ್ತತಿ?"

"ಲೆಕ್ಕ ಇದ್ರೆ ಕೆರಿ ಉಳೀತತಿ ಯಜ್ಜ."

ಅವರು ಸ್ವಲ್ಪ ಹೊತ್ತು ಸುಮ್ನಿದ್ದು ಅಂದರು: "ಹಂಗಾರ ನಮ್ಮ ಹೊಲದ ನೀರಿಂದೂ ಒಂದೀಟು ಲೆಕ್ಕ ಇಡ್ರಿ ತಮ್ಮಾ."

ತಮಾಷೆಗೆ ಅಂದಿದ್ದಲ್ಲ ಅದು. ಕೆರೆ ಮೊದಲು ರೈತರದ್ದು. ಹಕ್ಕಿಗೆ ಮರಿ ಹಾರೋವರೆಗೂ ಮರದ ಬುಡದಲ್ಲಿ ನೀರು ನಿಂತಿರಬೇಕು, ರೈತನಿಗೆ ಬೆಳೆ ಒಣಗೋ ಹೊತ್ತಿಗೆ ತೂಬು ಎತ್ತಬೇಕು. ಎರಡೂ ಒಂದೇ ನೀರು. ಹೆಬ್ಬಾತುಗಳು ರಾತ್ರಿ ಹೊಲಕ್ಕಿಳಿದು ಮೇಯೋದೂ ಉಂಟು, ಆ ನಷ್ಟ ಪಟ್ಟಣದಿಂದ ಬಂದ ನಮಗೆ ತಟ್ಟಲ್ಲ. ಇನ್ನು ಮರಗಳು. ಕರಿಜಾಲಿ ಕೆಲವು ತಿಂಗಳು ನೀರಲ್ಲಿ ನಿಂತರೂ ತಾಳುತ್ತೆ, ಆದ್ರೆ ವರ್ಷವಿಡೀ ನಿಂತರೆ ಸೊರಗುತ್ತೆ. ಹೊಸ ಸಸಿ ಮೇಲೇಳೋಕೆ ನೆಲ ಒಣಗಿ ಬಿಸಿಲು ಕಾಣಬೇಕು. ಕೆರೆಯನ್ನ ಸದಾ ತುಂಬಿಡೋದೇ ಹಕ್ಕಿಗೆ ಒಳ್ಳೇದು ಅನ್ನೋಕೂ ಬರಲ್ಲ. ಹಕ್ಕಿ, ಗೂಡಿನ ಮರ, ನೀರಿನ ಮಟ್ಟ, ತೂಬು ಎತ್ತಿದ ತಾರೀಕು, ಎಲ್ಲಾ ಒಂದೇ ಪುಸ್ತಕದಲ್ಲಿ ಇದ್ದರೆ ಸಮಿತಿಯಲ್ಲಿ ಕೂತು ಮಾತಾಡೋಕೆ ಆಧಾರ ಇರುತ್ತೆ. ಇಲ್ಲದಿದ್ರೆ ದನಿ ದೊಡ್ಡದಿದ್ದವರು ಗೆಲ್ತಾರೆ. ಆ ಯಜ್ಜ ಕೇಳಿದ್ದು ಸರಿಯಾದ ಲೆಕ್ಕವನ್ನೇ.

ಈ ಸೀಮೆಯಲ್ಲಿ ಲೆಕ್ಕದಿಂದ ಉಳಿದ ಜಾಗ ಇನ್ನೂ ಇವೆ. ದರೋಜಿ ಕರಡಿಧಾಮ 1994ರಲ್ಲಿ ಆಯ್ತು. ಅಲ್ಲಿನ ಕರಡಿಕಲ್ಲು ಗುಡ್ಡದಲ್ಲಿ ಬಂಡೆಗೆ ಬಳಿದ ಬೆಲ್ಲದ ಆಸೆಗೆ ಕರಡಿ ಜೊತೆ ನವಿಲು, ಬಣ್ಣದ ಕಾಡುಕೋಳಿಯೂ ಬರ್ತವೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯ್ತು. ಪ್ರತಿಯೊಂದರ ಹಿಂದೆಯೂ, 'ಇಲ್ಲಿದೆ, ಇಷ್ಟಿದೆ' ಅಂತ ತೋರಿಸಿದೋರು ಇದ್ದಾರೆ.

ಆದ್ರೆ ನಮ್ಮ ಸಂಡೂರು ಗುಡ್ಡಗಳ ಮಾತು ಬಂದಾಗ ಮನಸ್ಸು ಭಾರ ಆಗುತ್ತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಎಷ್ಟು ಅದಿರು ಹೋಯ್ತು, ಎಷ್ಟು ರೊಕ್ಕ ಹೋಯ್ತು ಅಂತ ಲೆಕ್ಕ ಹಾಕಿದ್ರು. ಲೋಕಾಯುಕ್ತ ವರದಿ ತುಂಬಾ ಅಂಕಿ. 2024ರಲ್ಲಿ ದೇವದಾರಿ ಗುಡ್ಡದ ಗಣಿ ಪ್ರಸ್ತಾವ ಮತ್ತೆ ಸುದ್ದಿಯಾದಾಗ ಸುಮಾರು 400 ಹೆಕ್ಟೇರ್ ಕಾಡು, ಸುಮಾರು 99 ಸಾವಿರ ಮರ ಅನ್ನೋ ಅಂಕಿ ಎಲ್ಲರ ಬಾಯಲ್ಲೂ ಇತ್ತು. ಜನ ಎದ್ದು ಮಾತಾಡಿದ್ದು ಆ 99 ಸಾವಿರಕ್ಕೆ. ಅಂಕಿಗೆ ಅಷ್ಟು ಶಕ್ತಿ ಇದೆ. ನಾನು ಓದಿದ ಸುದ್ದಿಗಳಲ್ಲಿ ಆ ಮರಗಳಲ್ಲಿ ಯಾವ ಹಕ್ಕಿ ಎಷ್ಟಿವೆ ಅನ್ನೋ ಮಾತು ಬರಲಿಲ್ಲ. ಜೆರ್ಡನ್ ಹೆಸರಿಟ್ಟ ಪಿಕಳಾರಕ್ಕೆ ಬೇಕಾಗಿರೋದು ಇಂಥ ಕಲ್ಲುಗುಡ್ಡ, ಕುರುಚಲು ಕಾಡೇ. ಕಲ್ಲು ಕ್ವಾರಿ, ಬೆಂಕಿ, ಗಣಿಯಿಂದ ಅದರ ಜಾಗ ಕುಗ್ಗಿ, ಅಳಿವಿನ ಅಪಾಯದ ಪಟ್ಟಿಯಲ್ಲಿ ಅದೂ ಸೇರಿದೆ.

ಅಂಕಸಮುದ್ರದವರು ಶುರು ಮಾಡಿದಾಗ ಅವರ ಹತ್ರ ಇದ್ದಿದ್ದು ಕೆರೆ, ಹಕ್ಕಿ, ಬಿಡುವಿನ ಬೆಳಗ್ಗೆಗಳು. ನಮ್ಮ ಬಂಡ್ರಿಯಲ್ಲೂ ಹೊಲ ಇದೆ, ಸುತ್ತ ಗುಡ್ಡ ಇದೆ. ನಿಮ್ಮೂರಲ್ಲೂ ಒಂದು ಕೆರೆಯೋ ಕಟ್ಟೆಯೋ ಇರುತ್ತೆ. ಇ-ಬರ್ಡ್ ಬೇಡ, ದುರ್ಬೀನೂ ಬೇಡ, ಮಗಳ ಹಳೇ ನೋಟ್‌ಬುಕ್ ಸಾಕು. ಭಾನುವಾರ ಬೆಳಗ್ಗೆ ಹದಿನೈದು ನಿಮಿಷ ನಿಂತು, ಗುರುತು ಸಿಕ್ಕ ಹಕ್ಕಿಯನ್ನಷ್ಟೇ ಎಣಿಸಿ ಬರೀರಿ. ಜಾಗ, ತಾರೀಕು, ಹೊತ್ತು ಮಾತ್ರ ಮರೀಬೇಡ್ರಿ. ಬೆಳ್ಳಕ್ಕಿ 14, ಟಿಟ್ಟಿಭ 2, ಬೆಳವ 9. ಮೂವತ್ತು ವರ್ಷ ಆದ ಮೇಲೆ ಯಾರಾದರೂ ಬಂದು 'ಇಲ್ಲಿ ಏನೂ ಇರಲಿಲ್ಲ' ಅಂದ್ರೆ, ತೆಗೆದು ತೋರಿಸೋಕೆ ಆ ಪುಟ ಇರುತ್ತೆ.